ಡೀಪ್ ಬೀಮ್‌ನಲ್ಲಿ ಶಿಯರ್: ಸ್ಟಿರಪ್ ಹತ್ತಿರ ಮಾಡಿದರೆ ಸಾಕೇ?

ಪ್ರಶ್ನೆ: ಬೀಮ್ ಅಗಲ 400, ಎತ್ತರ 1500, ಪರಿಣಾಮಕಾರಿ ಆಳ 1350 ಮಿ.ಮೀ. ಸ್ಪ್ಯಾನ್ 4.5 ಮೀಟರ್, ಬೇರಿಂಗ್ ಉದ್ದ 500 ಮಿ.ಮೀ. ನಟ್ಟನಡುವೆ ಮೇಲಿಂದ ಕಾಲಂ ಕೂರುತ್ತದೆ. ಫ್ಯಾಕ್ಟರ್ಡ್ ಲೋಡ್ (ಸುರಕ್ಷತೆಗೆ ಹೆಚ್ಚಿಸಿ ಹಿಡಿದ ಲೋಡ್) 2000 ಕಿಲೋನ್ಯೂಟನ್, ಸ್ವಂತ ತೂಕವೂ ಸೇರಿದೆ. ಕಾಂಕ್ರೀಟ್ 30, ಕಬ್ಬಿಣ 500 ಎಂಪಿಎ. ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318ರ ಮಾಮೂಲಿ ಶಿಯರ್ (ಕತ್ತರಿಸುವ ಬಲ) ಸೂತ್ರದಲ್ಲಿ ಎರಡು ಕಾಲಿನ 10 ಮಿ.ಮೀ. ಸ್ಟಿರಪ್ (ಮುಖ್ಯ ಕಂಬಿಗಳನ್ನು ಸುತ್ತುವ ಲಂಬ ಕಂಬಿ) 100ಕ್ಕೊಂದು ಬಂತು. ಇಷ್ಟು ಹಾಕಿ ಬಿಡಬಹುದೇ?

ಉತ್ತರ 1: ಬೇಡ. ಕ್ಲಿಯರ್ ಸ್ಪ್ಯಾನ್ ಎತ್ತರದ ನಾಲ್ಕು ಪಟ್ಟಿನೊಳಗಿದೆ, ಹಾಗಾಗಿ ಇದು ಡೀಪ್ ಬೀಮ್. ಲೋಡ್ ಓರೆಯಾದ ಸ್ಟ್ರಟ್‌ಗಳ (ಒತ್ತಡ ಹೊರುವ ಕಾಂಕ್ರೀಟ್ ಪಟ್ಟಿಗಳ) ಮೂಲಕ ನೇರ ಸಪೋರ್ಟ್‌ಗೆ ಇಳಿಯುತ್ತದೆ. ಸ್ಟಿರಪ್ ಆ ದಾರಿಯನ್ನು ಕಾಯುತ್ತದೆಯೇ ಹೊರತು ಲೋಡ್ ಹೊರುವುದಿಲ್ಲ. ಮೊದಲು ಅಳತೆಯೇ ಸಾಲುತ್ತದೆಯೇ ನೋಡಿ (0.75 ಸುರಕ್ಷತಾ ಗುಣಕ): 0.75 × 0.83 × √30 × 400 × 1350, ಅಂದರೆ ಸುಮಾರು 1840 ಕಿಲೋನ್ಯೂಟನ್. ನಿಮ್ಮ ಶಿಯರ್ ಲೋಡ್‌ನ ಅರ್ಧ, 1000, ಪಾಸ್. ಇಲ್ಲಿ ಫೇಲ್ ಆದರೆ ಅಗಲ, ಎತ್ತರ ಅಥವಾ ಕಾಂಕ್ರೀಟ್ ಬಲ ಹೆಚ್ಚಿಸಬೇಕು. ಎಷ್ಟು ಸ್ಟಿರಪ್ ತುಂಬಿದರೂ ಉಪಯೋಗವಿಲ್ಲ. ಒಂದು ಎಚ್ಚರಿಕೆ: ಈ 30 ಸಿಲಿಂಡರ್ ಬಲ. ಕ್ಯೂಬ್ ಬಲವಾಗಿದ್ದರೆ ಸುಮಾರು 24 ಎಂದು ಹಿಡಿದು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿ.

ಉತ್ತರ 2: ಸ್ಟ್ರಟ್-ಟೈ ಲೆಕ್ಕ (ಟೈ ಎಂದರೆ ಸ್ಟ್ರಟ್‌ಗಳ ತಳವನ್ನು ಎಳೆದು ಹಿಡಿಯುವ ಕಂಬಿ) ಹೀಗೆ ಬರುತ್ತದೆ. ಮೇಲಿನ ನೋಡ್‌ನ (ಬಲಗಳು ಸೇರುವ ಜಾಗದ) ಆಳ ಸುಮಾರು 240, ಆದ್ದರಿಂದ ಲಿವರ್ ಆರ್ಮ್ (ನೋಡ್ ಮಧ್ಯದಿಂದ ಟೈವರೆಗಿನ ಲಂಬ ದೂರ) 1230 ಮಿ.ಮೀ. ಸ್ಟ್ರಟ್ ಮತ್ತು ಟೈ ನಡುವಿನ ಕೋನ 28.7 ಡಿಗ್ರಿ, ಕನಿಷ್ಠ 25 ಇರಲೇಬೇಕು, ಇದು ಅಂಚಿನಲ್ಲೇ ಇದೆ. ಟೈ ಬಲ 1830 ಕಿಲೋನ್ಯೂಟನ್, 0.75 × 500ರಿಂದ ಭಾಗಿಸಿದರೆ 4880 ಚದರ ಮಿ.ಮೀ., ಅಂದರೆ 25ರ ಹತ್ತು ಕಂಬಿ. ಓರೆ ಸ್ಟ್ರಟ್‌ನಲ್ಲಿ 2085 ಕಿಲೋನ್ಯೂಟನ್, βs (ಸ್ಟ್ರಟ್ ಬಲವನ್ನು ತಗ್ಗಿಸುವ ಗುಣಕ) 0.75 ಹಿಡಿದರೆ ತಡೆಯುವುದು 2880 ಸುತ್ತಮುತ್ತ.

βsನ ಆ 0.75 ಪುಕ್ಕಟೆ ಸಿಗುವುದಿಲ್ಲ. ಸ್ಟ್ರಟ್ ನಡುವಿನಲ್ಲಿ ಉಬ್ಬಿ ಉದ್ದಕ್ಕೂ ಸೀಳಲು ನೋಡುತ್ತದೆ, ಅದನ್ನು ಜಾಲರಿ ಹಿಡಿಯಬೇಕು: ಲಂಬಕ್ಕೂ ಅಡ್ಡಕ್ಕೂ ಕಾಂಕ್ರೀಟ್ ವಿಸ್ತೀರ್ಣದ ತಲಾ 0.0025ರಷ್ಟು ಕಂಬಿ, ಅಂತರ ಆಳದ ಐದನೇ ಒಂದು ಭಾಗ ಮತ್ತು 300ರಲ್ಲಿ ಚಿಕ್ಕದು, ಇಲ್ಲಿ 270. ಎರಡೂ ಮುಖಕ್ಕೆ 10 ಮಿ.ಮೀ. 150ಕ್ಕೊಂದು ಕೊಟ್ಟರೆ 0.0026 ಆಗುತ್ತದೆ. ನಿಮ್ಮ 100ಕ್ಕೊಂದು ಸ್ಟಿರಪ್ ಲಂಬಕ್ಕೆ ಅಗತ್ಯಕ್ಕಿಂತ ಹೆಚ್ಚು, ಆದರೆ ಅಡ್ಡ ಕಂಬಿಯೇ ಇಲ್ಲ. ತಪ್ಪು ಇರುವುದು ಅಲ್ಲಿ.

ಉತ್ತರ 3: ಲೆಕ್ಕ ಸರಿ. ಸೈಟ್‌ನಲ್ಲಿ ಕೆಡುವುದು ಟೈ ಆಂಕರೇಜ್, ಅಂದರೆ ಕಂಬಿ ತುದಿಯ ಹಿಡಿತ. ಮಾಮೂಲಿ ಬೀಮ್‌ನಂತೆ ಸಪೋರ್ಟ್ ಹತ್ತಿರ ಕಂಬಿ ಕಡಿಮೆ ಮಾಡಬೇಡಿ; ಟೈ ಬಲ ಈ ಬೇರಿಂಗ್‌ನಿಂದ ಆ ಬೇರಿಂಗ್‌ವರೆಗೆ ಒಂದೇ ಸಮ ಇರುತ್ತದೆ. 500 ಮಿ.ಮೀ. ಬೇರಿಂಗ್ ಮೇಲೆ 25ರ ನೇರ ಕಂಬಿಗೆ ಹಿಡಿತ ಸಾಲದು, 90 ಡಿಗ್ರಿ ಹುಕ್ ಅಥವಾ ತಲೆ ಇರುವ ಕಂಬಿ ಬೇಕು. ಹತ್ತು ಹುಕ್ ಒಂದೇ ಕಡೆ ಸೇರಿದರೆ ಅಲ್ಲಿಗೆ ವೈಬ್ರೇಟರ್ ಇಳಿಯದೆ ನೋಡ್ ಟೊಳ್ಳಾಗುತ್ತದೆ. ಆದ್ದರಿಂದ 4, 3, 3ರಂತೆ ಮೂರು ಪದರ ಮಾಡಿ, ಮಧ್ಯಬಿಂದು ತಳದಿಂದ 150ಕ್ಕೆ ಬರಲಿ. ಜಾಲರಿಯ ಅಡ್ಡ ಕಂಬಿಗಳನ್ನು ತುದಿಯಲ್ಲಿ ಯು ಆಕಾರದ ಕಂಬಿಗೆ ಲ್ಯಾಪ್ ಮಾಡಿ.

ಉತ್ತರ 1: ಇನ್ನೊಂದು. ಮುಂದೆ ಯಾರಾದರೂ ಬೀಮ್ ತಳಕ್ಕೆ ಲೋಡ್ ತೂಗಿಸಿದರೆ, ಅಷ್ಟನ್ನೂ ಮೇಲಕ್ಕೆ ಎತ್ತುವ ಹ್ಯಾಂಗರ್ ಸ್ಟಿರಪ್ ಈ ಜಾಲರಿಯ ಹೊರತಾಗಿ ಬೇಕು. 600 ಕಿಲೋನ್ಯೂಟನ್‌ಗೆ, ಕಬ್ಬಿಣ 420 ಎಂಪಿಎ ಎಂದು ಹಿಡಿದು 0.75 × 420ರಿಂದ ಭಾಗಿಸಿದರೆ, 1905 ಚದರ ಮಿ.ಮೀ.: ನಾಲ್ಕು ಕಾಲಿನ 12ರ ಐದು ಸ್ಟಿರಪ್, ಲೋಡ್ ಇರುವ ಜಾಗದಲ್ಲೇ.