ಗೋದಲಿ ಗೊಂಬೆ ಲಗೇಜಿಗೆ ಹಾಕ್ಬೇಡ

ಶಾಲಿ, ನಿನ್ನ ಮೆಸೇಜು ಈಗ ಕೇಳಿಸ್ಕೊಂಡೆ ಕಣಮ್ಮ. ನಾಳೆ ಪ್ರಾಗ್‌ನಿಂದ ಟ್ರೆಬೆಖೊವಿತ್ಸೆ ಊರಿಗೆ, ಕ್ರಿಸ್ಮಸ್ಸಿಗೆ ಯೇಸು ಹುಟ್ಟಿದ ಕೊಟ್ಟಿಗೇನ ಗೊಂಬೆಗಳಲ್ಲಿ ಜೋಡಿಸ್ತೀವಲ್ಲ, ಆ ಗೋದಲಿ ಮ್ಯೂಸಿಯಂಗೆ ಹೋಗ್ತಿದೀವಿ, ಮರದ ಗೊಂಬೆ ತಗೊಂಡ್ರೆ ಬೆಂಗಳೂರಿಗೆ ಬರೋ ಹೊತ್ಗೆ ಮುರಿದುಹೋಗುತ್ತಾ ದೊಡ್ಡಮ್ಮ ಅಂತ ಕೇಳಿದೀಯ. ಮುರಿಯದೇ ಏನು! ಲಗೇಜಿಗೆ ಮಾತ್ರ ಹಾಕ್ಬೇಡ.

ನಿಮ್ಮ ದೊಡ್ಡಪ್ಪ ವೇಳಾಂಕಣ್ಣಿಯಿಂದ ಮಣ್ಣಿನ ಸೆಟ್ ತಂದಿದ್ರಲ್ಲ, ಗೊತ್ತಲ್ಲ ನಿಂಗೆ. ತೊಡೆ ಮೇಲೆ ಇಟ್ಕೋತೀನಿ ಅಂತ ಎಷ್ಟು ಬಡ್ಕೊಂಡೆ. ಆ ಬಸ್ಸಿನ ಕ್ಲೀನರ್ ಕಿತ್ಕೊಂಡು ಡಿಕ್ಕಿಗೆ ತುರುಕ್ದ. ಮನೇಲಿ ಪೇಪರ್ ಬಿಚ್ಚಿದ್ರೆ ಸಂತ ಜೋಸೆಫರ ತಲೆ ಒಂದ್ಕಡೆ, ಕೋಲು ಹಿಡಿದ ಕೈ ಇನ್ನೊಂದ್ಕಡೆ. ಕುರಿಗಳಂತೂ ಕೆಂಪು ಪುಡಿ. ಎತ್ತು ಒಂದು ಉಳಿದಿತ್ತು, ಅದಕ್ಕೂ ಕೊಂಬಿಲ್ಲ.

ನಾಳೆ ನೋಡ್ತೀಯಲ್ಲ, ಆ ದೊಡ್ಡ ಗೋದಲಿ, ಅದನ್ನ ಯೋಸೆಫ್ ಪ್ರೊಬೊಷ್ತ್ ಅನ್ನೋ ರೈತ ಸುಮಾರು 40 ವರ್ಷ ಕೂತು ಮಾಡಿದ್ದು. ಕೆತ್ತೋಕೆ ಜೊತೆಯಾದವನು ಯೋಸೆಫ್ ಕಪುಟ್ಸಿಯಾನ್, ಯಂತ್ರದ ಕೆಲಸಕ್ಕೆ ಯೋಸೆಫ್ ಫ್ರಿಮಲ್. ಮೂವರೂ ಜೋಸೆಫರೇ ನೋಡು! 2,000ಕ್ಕೂ ಹೆಚ್ಚು ಮರದ ತುಂಡು, 7 ಮೀಟರ್ ಹತ್ತಿರ ಉದ್ದ. ಕೆಳಗೆ ಹಲ್ಲಿನ ಚಕ್ರ ತಿರುಗಿದ್ರೆ ಮೇಲೆ ಗೊಂಬೆಗಳು ನಡೀತವೆ. 1967ರಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಗೂ ಹೋಗಿಬಂತು. ಅದರ ಬೆನ್ನಿಗೆ ಒಂದು ದೇಶವೇ ಇತ್ತು, ನಿನ್ನ ಸೂಟ್‌ಕೇಸಿಗೆ ಯಾರಿದಾರೆ? ಇನ್ನೊಂದ್ಸಲ ಹೇಳ್ತೀನಿ, ಲಗೇಜಿಗೆ ಹಾಕ್ಬೇಡ.

ಗೋದಲಿ ಈಗ ಯಾರಿಗೆ ಬೇಕು ಬಿಡು. ನಿಮ್ಮ ತಾತ ಇದ್ದಾಗ ಡಿಸೆಂಬರ್ ಬಂತು ಅಂದ್ರೆ ತಟ್ಟೇಲಿ ರಾಗಿ ಚೆಲ್ಲಿ ಪೈರು ಬರಿಸ್ತಿದ್ವಿ. ಅವರು ಹೋದ್ಮೇಲೆ ಆ ಹಳೇ ಸೆಟ್ ಚಿಕ್ಕೋರ ಮನೆ ಅಟ್ಟ ಸೇರ್ತು. ಕೇಳಿದಾಗೆಲ್ಲ ‘ಹುಡುಕ್ತೀನಿ ಅತ್ತಿಗೆ’ ಅಂತಾರೆ. ಗ್ರೂಪಲ್ಲೇ ಇದಾರೆ, ಕೇಳಿಸ್ಕೊಳ್ಲಿ. ಹೋದ ವರ್ಷ ಪ್ಲಾಸ್ಟಿಕ್ ಸೆಟ್ಟಿಗೆ ಸೀರಿಯಲ್ ಲೈಟ್ ಸುತ್ತಿ ಫೋಟೋ ಬೇರೆ ಹಾಕಿದ್ರು!

ಹಾಂ, ಮುಖ್ಯವಾದ್ದೇ ಹೇಳ್ಲಿಲ್ಲ. ಆ ಚೆಕ್ ದೇಶದಲ್ಲಿ ಕಾಗದದ ಗೋದಲೀನೂ ಹಳೇ ಪದ್ಧತಿ. ಹಾಳೇಲಿ ಅಚ್ಚಾಗಿರುತ್ತೆ, ಕತ್ತರಿಸಿ ಮಡಚಿ ನಿಲ್ಲಿಸೋದು. ಮಿಕೊಲಾಶ್ ಆಲೆಶ್, ಯೋಸೆಫ್ ಲಾಡಾ ಥರದ ದೊಡ್ಡ ಚಿತ್ರಕಾರರೇ ಬರೆದಿದಾರೆ. ಸಿಕ್ಕಿದ್ರೆ ಎರಡು ತಗೋ, ಪುಸ್ತಕದ ಮಧ್ಯೆ ಇಟ್ಟು ಕೈಬ್ಯಾಗಲ್ಲಿ ತಾ. ಮರದ್ದೇ ಬೇಕು ಅಂತ ಮಗು ಹಟ ಮಾಡಿದ್ರೆ ಒಂದೇ ಒಂದು ಕುರಿ, ಸ್ವೆಟರ್‌ನಲ್ಲಿ ಸುತ್ತಿ ಅದೇ ಬ್ಯಾಗಿಗೆ ಹಾಕು. ಕತ್ತರಿ ತರ್ಬೇಡ, ಏರ್‌ಪೋರ್ಟಲ್ಲಿ ಕಿತ್ಕೋತಾರೆ. ನನ್ನ ಹತ್ರ ಇದೆ.