ಇನ್ಸುಲಿನ್ ಕಾರ್ಟ್ರಿಡ್ಜ್ ಸಿಗದಾಗ: ಆ್ಯಪ್‌ನಲ್ಲಿ ತರಿಸಲೋ, ಮೆಡಿಕಲ್‌ನಲ್ಲೇ ಕೊಳ್ಳಲೋ?

ಪ್ರಶ್ನೆ: ಅಮ್ಮ ಪೆನ್‌ನಲ್ಲಿ 30/70 ಹ್ಯೂಮನ್ ಮಿಕ್ಸ್‌ಟಾರ್ಡ್ ಇನ್ಸುಲಿನ್ (30 ಭಾಗ ಬೇಗ, 70 ಭಾಗ ನಿಧಾನ ಕೆಲಸ ಮಾಡುವ ಮಿಶ್ರಣ) ತಗೋತಾರೆ, ಬೆಳಿಗ್ಗೆ 20, ರಾತ್ರಿ 12 ಯೂನಿಟ್. ಊರಿನ ಮೆಡಿಕಲ್‌ಗಳಲ್ಲಿ ಪೆನ್ನಿಗೆ ಹಾಕೋ ಇನ್ಸುಲಿನ್ ಕೊಳವೆ, ಅಂದ್ರೆ ಕಾರ್ಟ್ರಿಡ್ಜ್ ಇಲ್ಲ, ಬಾಟ್ಲಿ ಇದೆ ಅಂತಾರೆ. ಆ್ಯಪ್‌ನಲ್ಲಿ ಕಾರ್ಟ್ರಿಡ್ಜ್ ಇದೆ, ಬರಲು ಮೂರು ದಿನ. ಮನೆಯಲ್ಲಿರೋದು ಎರಡು ದಿನದ್ದು. ಏನು ಮಾಡಲಿ ಸರ್?

ಉತ್ತರ (ಫಾರ್ಮಸಿಸ್ಟ್): ಆ್ಯಪ್ ನೆಚ್ಚಿ ಕೂರಬೇಡಿ ಮೇಡಂ, ಒಂದು ಡೋಸೂ ತಪ್ಪಬಾರದು. ಡಾಕ್ಟರಿಗೆ ಫೋನ್ ಮಾಡಿ, ಒಪ್ಪಿದರೆ ಇವತ್ತೇ 30/70 ಬಾಟ್ಲಿ ತನ್ನಿ. ಔಷಧಿ ಅದೇ, ಯೂನಿಟ್ಟೂ ಅಷ್ಟೇ.

ಎಡವೋದು ಸಿರಿಂಜ್‌ನಲ್ಲಿ. ಕಾರ್ಟ್ರಿಡ್ಜ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್, ನಮ್ಮಲ್ಲಿ ಸಿಗುವ ಬಾಟ್ಲಿಯಲ್ಲಿ ಸಾಮಾನ್ಯವಾಗಿ 40. ಲೇಬಲ್ ಓದಿ. 40 ಇದ್ದರೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಕಿತ್ತಳೆ ಮುಚ್ಚಳದ 100ರದ್ದರಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗೋದು 8 ಯೂನಿಟ್ ಮಾತ್ರ, ಶುಗರ್ ಏರುತ್ತೆ. ಕಾರ್ಟ್ರಿಡ್ಜ್‌ಗೆ ಕೆಂಪು ಸಿರಿಂಜ್ ಚುಚ್ಚಿ 20ರವರೆಗೆ ಎಳೆದರೆ 50 ಯೂನಿಟ್. ಅದು ಪ್ರಾಣಕ್ಕೇ ಕುತ್ತು.

ಬೇರೆ ಕಂಪನಿಯ ಕಾರ್ಟ್ರಿಡ್ಜ್ ನಿಮ್ಮ ಪೆನ್ನಿಗೆ ಕೂರದಿರಬಹುದು. "ಇದೂ 30ರದ್ದೇ" ಅಂತ ಆಸ್ಪಾರ್ಟ್ ಮಿಕ್ಸ್ ಅನ್ನೋ ಬೇರೆ ಥರದ ಇನ್ಸುಲಿನ್ ಕೊಟ್ಟರೆ ಡಾಕ್ಟರನ್ನು ಕೇಳದೆ ತಗೋಬೇಡಿ. ಈಗಿನದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಹಾಕ್ತೀರಿ, ಅದು ಊಟದ ಹೊತ್ತಿಗೇ ಹಾಕುವಂಥದ್ದು.

ಪ್ರಶ್ನೆ: ಹಾಗಾದ್ರೆ ಆ್ಯಪ್ ಬೇಡವೇ ಬೇಡವಾ?

ಉತ್ತರ: ಮಾತ್ರೆಗಾದರೆ ಧಾರಾಳವಾಗಿ ತರಿಸಿ. ಇನ್ಸುಲಿನ್ ಮಾತ್ರ 2ರಿಂದ 8 ಡಿಗ್ರಿಯಲ್ಲೇ ಬರಬೇಕು. ನಿಮ್ಮೂರಿಗೆ ಕೋಲ್ಡ್ ಬಾಕ್ಸ್‌ನಲ್ಲಿ ಕಳಿಸ್ತಾರಾ ಕೇಳಿ. ಡೆಲಿವರಿಯವರ ಎದುರೇ ಬಿಚ್ಚಿ. ಜೆಲ್ ಪ್ಯಾಕ್ ಬೆಚ್ಚಗಾಗಿದ್ದರೆ ವಾಪಸ್ ಕಳಿಸಿ. ಐಸ್‌ಗೆ ತಾಗಿ ಹೆಪ್ಪುಗಟ್ಟಿದ್ದೂ ಕೆಟ್ಟಂತೆಯೇ, ಕರಗಿಸಿ ಬಳಸಬಾರದು. ಅಂಗೈಗಳ ನಡುವೆ ಹತ್ತು ಸಲ ಮೆಲ್ಲಗೆ ಉರುಳಿಸಿದ ಮೇಲೆ ಎಲ್ಲ ಕಡೆ ಒಂದೇ ಥರ ಬೆಳ್ಳಗಿರಬೇಕು. ಬಿಳಿ ಕಣ ಗಾಜಿಗೆ ಅಂಟಿದರೆ ಬಿಸಾಡಿ. ಬಿಲ್‌ನಲ್ಲಿ ಅಂಗಡಿ ಲೈಸೆನ್ಸ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರಲೇಬೇಕು.

ಇನ್ನೊಂದು ಮಾತು. ಮಿಕ್ಸ್‌ಟಾರ್ಡ್ ತಯಾರಿಸುವ ನೋವೋ ನಾರ್ಡಿಸ್ಕ್ ಕಂಪನಿ ಹ್ಯೂಮನ್ ಇನ್ಸುಲಿನ್ ಪೆನ್ ರೂಪವನ್ನು ಭಾರತದಲ್ಲಿ ಹಂತಹಂತವಾಗಿ ನಿಲ್ಲಿಸುತ್ತಿರೋದು 2025ರಲ್ಲೇ ಸುದ್ದಿಯಾಗಿದೆ, ಬಾಟ್ಲಿ ಮುಂದುವರಿಯುತ್ತೆ. ಹಾಗಾಗಿ ಆ್ಯಪ್‌ನಲ್ಲಿ ಕಾಣೋದು ಉಳಿದ ಸ್ಟಾಕ್ ಆಗಿರಬಹುದು, ಇವತ್ತು ಸಿಕ್ಕರೂ ಮುಂದಿನ ತಿಂಗಳು ಸಿಗುತ್ತೆ ಅನ್ನೋ ಭರವಸೆಯಿಲ್ಲ. ಡಾಕ್ಟರ ಹತ್ತಿರ ಕಾಯಂ ಬದಲಿಯನ್ನೇ ಈಗ ಬರೆಸಿಕೊಳ್ಳಿ. ಆ ಚೀಟಿಯನ್ನು ಪರಿಚಯದ ಮೆಡಿಕಲ್‌ಗೆ ಒಂದು ವಾರ ಮುಂಚೆ ಕೊಟ್ಟರೆ ಅವರು ಸ್ಟಾಕಿಸ್ಟ್ ಹತ್ತಿರ ನಿಮಗೆಂದೇ ತರಿಸಿ ಫ್ರಿಜ್‌ನಲ್ಲಿಡ್ತಾರೆ.