ಭಾನುವಾರ ಬೆಳಿಗ್ಗೆ ಪೈಪ್ ಬೇಡ, ಬಕೆಟ್ ಸಾಕು

ಸಂಪಿಗೆ ಮರದ ಮನೆ, 2ನೇ ಅಡ್ಡರಸ್ತೆ:
ನಮ್ಮ ರಸ್ತೆಯ ಗ್ರೂಪಿನ ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ರಸ್ತೆ ಏರು ಇದೆ. ನಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಭಾನುವಾರ ನೀರು ಬಿಡುವ ಹೊತ್ತಿಗೇ ನಾವೆಲ್ಲ ಗೇಟಿನ ನಲ್ಲಿಗೆ ಪೈಪ್ ಸಿಕ್ಕಿಸಿ ಕಾರು ತೊಳೆಯುತ್ತೇವೆ. ಹೋದ ತಿಂಗಳು ಮೇಲಿನ ತಿರುವಿನ ಅಜ್ಜಿ ಕೊಡ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರ ನೀರಿನ ಸಂಪ್‌ಗೆ ಒಂದು ಹನಿಯೂ ಬಿದ್ದಿರಲಿಲ್ಲ. ಆಗ ನನ್ನ ಕೈಯಲ್ಲಿ ಪೈಪ್ ಇತ್ತು. ನನಗೆ ತುಂಬಾ ಬೇಜಾರಾಯಿತು.

ಅವತ್ತು ಅಳತೆ ಮಾಡಿ ನೋಡಿದೆ. ನಮ್ಮ ಪೈಪಿನಲ್ಲಿ 15 ಲೀಟರ್ ಬಕೆಟ್ ತುಂಬಲು 75 ಸೆಕೆಂಡ್. ಅಂದರೆ ನಿಮಿಷಕ್ಕೆ 12 ಲೀಟರ್. ನಾನು ಕಾರು ತೊಳೆಯುತ್ತಿದ್ದದ್ದು 25 ನಿಮಿಷ, ಸೋಪು ಹಚ್ಚುವಾಗಲೂ ಪೈಪ್ ನೆಲದಲ್ಲಿ ಹರಿಯುತ್ತಲೇ ಇರುತ್ತಿತ್ತು. ಒಟ್ಟು 300 ಲೀಟರ್! ನಮ್ಮ ರಸ್ತೆಯಲ್ಲಿ 18 ಕಾರುಗಳಿವೆ. ಎಲ್ಲರೂ ಹೀಗೇ ತೊಳೆದರೆ ಒಂದು ಭಾನುವಾರಕ್ಕೆ 5,400 ಲೀಟರ್ ಚರಂಡಿಗೆ ಹೋಗುತ್ತದೆ.

ಚಿಕ್ಕಮಗಳೂರಿಗೆ ನೀರು ಬರುವುದು ಯಗಚಿ ನದಿಯಿಂದ ಮತ್ತು ಹಿರೇಕೊಳಲೆ ಕೆರೆಯಿಂದ. ಯಗಚಿ ಹುಟ್ಟುವುದು ನಮ್ಮ ಬಾಬಾಬುಡನ್ ಗಿರಿಯಲ್ಲೇ, ಆದರೆ ಅಣೆಕಟ್ಟು ಇರುವುದು ಬೇಲೂರಿನ ಹತ್ತಿರ. ಕೆಳಗೆ ಇಳಿದು ಹೋದ ನೀರನ್ನು ಪಂಪ್ ಮಾಡಿ ಮತ್ತೆ ಮೇಲಕ್ಕೆ ತರಬೇಕು. ಅಂಥ ನೀರನ್ನು ಟೈರಿಗೆ ಬಿಡುತ್ತಿದ್ದೇವೆ.

ಕಡಿಮೆ ನೀರಿನಲ್ಲಿ ತೊಳೆಯುವುದನ್ನು ನಾನು ಮೂರು ವಾರದಿಂದ ಕಲಿಯುತ್ತಿದ್ದೇನೆ. ಎಲ್ಲರೂ ಸೇರಿ ಮಾಡೋಣ ಅಂತ ಕೇಳಿಕೊಳ್ಳುತ್ತೇನೆ.

ನೀಲಿ ಗೇಟಿನ ಮನೆ:
ಒಳ್ಳೆ ವಿಷಯ ಎತ್ತಿದಿರಿ ಸರ್. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ನನ್ನ ತಂಗಿ ಅಲ್ಲೇ ಇದ್ದಾಳೆ, ಆಗ ಅವರು ಪಟ್ಟ ಕಷ್ಟ ಫೋನಿನಲ್ಲಿ ಕೇಳಿದ್ದೇನೆ. ನಮ್ಮಲ್ಲಿ ದಂಡ ಬರುವ ತನಕ ಕಾಯುವುದು ಬೇಡ.

ಮೂಲೆ ಮನೆ, ಜೀಪ್:
ಎಲ್ಲಾ ಸರಿ. ಆದರೆ ನನ್ನ ಗಾಡಿ ದಿನಾ ತೋಟಕ್ಕೆ ಹೋಗುತ್ತೆ. ಕೆಂಪು ಮಣ್ಣು ಬಾಗಿಲಿನ ಅರ್ಧಕ್ಕೆ ಮೆತ್ತಿರುತ್ತೆ. ಅದನ್ನು ಬಟ್ಟೆಯಲ್ಲಿ ಒರೆಸಿದರೆ ಪೇಂಟ್ ಉಳಿಯುತ್ತಾ?

ಸಂಪಿಗೆ ಮರದ ಮನೆ:
ಉಳಿಯಲ್ಲ ಸರ್. ನೀವು ಹೇಳಿದ್ದು ಸರಿ. ಮಣ್ಣಿನ ಕಣ ಅಂದರೆ ಸಣ್ಣ ಸಣ್ಣ ಕಲ್ಲು. ಒಣ ಬಟ್ಟೆಯಲ್ಲಿ ಉಜ್ಜಿದರೆ ಅದೇ ಗೀರುತ್ತದೆ. ಧೂಳು ಮಾತ್ರ ಇರುವ ಕಾರಿಗೂ ಒಣ ಬಟ್ಟೆ ಹಾಕಬಾರದು. ಬಿಸಿಲಲ್ಲಿ ಬಾನೆಟ್ ನೋಡಿ, ಜೇಡರ ಬಲೆ ತರ ಗೆರೆ ಕಾಣುತ್ತೆ. ಹೆಚ್ಚಿನವು ಒರೆಸಿ ಒರೆಸಿ ಆದದ್ದು.

ಮೆತ್ತಿದ ಮಣ್ಣಿಗೆ ಮೊದಲು ಕೈಯಲ್ಲಿ ಪಂಪ್ ಮಾಡುವ 5 ಲೀಟರಿನ ಸ್ಪ್ರೇಯರ್ ಬೇಕು. ಮಣ್ಣು ನೆನೆಯುವಷ್ಟು ಹೊಡೆದು ಐದು ನಿಮಿಷ ಬಿಡಿ. ಮತ್ತೆ ಮೇಲಿನಿಂದ ಕೆಳಕ್ಕೆ ಹೊಡೆದರೆ ಕೈ ಮುಟ್ಟದೇ ಜಾರಿ ಬೀಳುತ್ತೆ. ಒಂದು ಮುಖ್ಯ ಮಾತು. ತೋಟದಲ್ಲಿ ಗಿಡಗಳಿಗೆ ಬೋರ್ಡೋ ಔಷಧಿ ಹೊಡೆದ ಸ್ಪ್ರೇಯರ್ ತರಬೇಡಿ. ಅದರಲ್ಲಿ ಮೈಲುತುತ್ತ, ಸುಣ್ಣ ಉಳಿದಿರುತ್ತೆ. ಬೇರೆಯದೇ ಇಟ್ಟುಕೊಳ್ಳಿ.

ಬರೀ ಧೂಳಿನ ಕಾರಿಗೆ ಇಷ್ಟೂ ಬೇಡ. ತೊಳೆದ ಮೇಲೆ ನೀರು ಹುಯ್ಯುವ ಅಗತ್ಯವಿಲ್ಲದ ಶಾಂಪೂ ಬರುತ್ತೆ, ನೋ ರಿನ್ಸ್ ಅಂತಾರೆ. ನಾನು ತಂದದ್ದರಲ್ಲಿ 4 ಲೀಟರ್ ನೀರಿಗೆ 15 ಎಂ.ಎಲ್., ಅಂದರೆ ಒಂದು ಮುಚ್ಚಳ. ಬಾಟಲಿಯ ಮೇಲೆ ಬರೆದ ಅಳತೆ ನೋಡಿಕೊಳ್ಳಿ. ಅದು ಧೂಳಿನ ಕಣವನ್ನು ಸುತ್ತಿಕೊಂಡು ಜಾರುವ ಹಾಗೆ ಮಾಡುತ್ತೆ. ಎಂಟು ಮೈಕ್ರೋಫೈಬರ್ ಬಟ್ಟೆ ಅದರಲ್ಲಿ ನೆನೆಸಿಡಿ. ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿದರೆ ಒರೆಸಲು ಎಂಟು ಮುಖ ಸಿಗುತ್ತೆ. ಒಂದು ಮುಖದಲ್ಲಿ ಒಂದೇ ದಿಕ್ಕಿಗೆ ಹಗುರಾಗಿ ಎಳೆಯಿರಿ, ಸುತ್ತಿಸಬೇಡಿ. ಆಮೇಲೆ ಮಡಿಕೆ ತಿರುಗಿಸಿ. ಕೊಳೆಯಾದ ಬಟ್ಟೆ ಮತ್ತೆ ಬಕೆಟ್‌ಗೆ ಹಾಕಲೇಬೇಡಿ. ಮೇಲ್ಛಾವಣಿಯಿಂದ ಶುರು, ಬಾಗಿಲಿನ ಕೆಳಭಾಗ ಕೊನೆಗೆ. ಒಂದು ಭಾಗ ಮುಗಿದ ಕೂಡಲೇ ಒಣ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ. ಬಿಸಿಲಲ್ಲಿ ಮಾಡಬೇಡಿ, ಬಾನೆಟ್ ತಣ್ಣಗಿರಬೇಕು.

ನನ್ನ ಕಾರಿಗೆ ಹೋದ ಸಲ 7 ಲೀಟರ್ ಸಾಕಾಯಿತು, ಟೈರು ಸೇರಿ.

ಮೇಷ್ಟ್ರ ಮನೆ:
ನಮ್ಮದು ಸ್ವಂತ ಬೋರ್. ನಾನೂ ನಿಲ್ಲಿಸಬೇಕಾ ಅಂತ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ನೀಲಿ ಗೇಟಿನ ಮನೆ:
ಮೇಷ್ಟ್ರೇ, ನೆಲದೊಳಗೆ ಕಾಂಪೌಂಡ್ ಇಲ್ಲ ಅಲ್ವಾ. ಎರಡು ಮನೆ ಆಚೆಯವರ ಬೋರ್ ಹೋದ ಬೇಸಿಗೆಯಲ್ಲಿ ಗಾಳಿ ಬಿಟ್ಟಿದ್ದು ನಿಮಗೂ ಗೊತ್ತು.

ಸಂಪಿಗೆ ಮರದ ಮನೆ:
ಮೇಷ್ಟ್ರೇ, ಇನ್ನೊಂದು ಕಾರಣವೂ ಇದೆ. ಗಡಸು ನೀರು ಗಾಜಿನ ಮೇಲೆ ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತೆ. ಸುಲಭಕ್ಕೆ ಹೋಗಲ್ಲ. ಕುಡಿಯುವ ನೀರಿನ ಫಿಲ್ಟರಿನಿಂದ ವ್ಯರ್ಥವಾಗಿ ಹೊರಗೆ ಬರುವ ನೀರೂ ಅಷ್ಟೇ, ಅದನ್ನು ಟೈರಿಗೆ ಮಾತ್ರ ಬಳಸಿ. ಕಾರಿಗೆ ಒಳ್ಳೆಯದು ಮಳೆ ನೀರು. ನಮ್ಮ ಕಡೆ ಅದಕ್ಕೆ ಬರ ಇಲ್ಲ. ಜೂನ್‌ನಲ್ಲಿ ಮೊದಲ ಎರಡು ಮಳೆ ತಾರಸಿ ತೊಳೆದು ಹೋಗಲಿ, ಆಮೇಲಿನದ್ದನ್ನು ಡ್ರಮ್ಮಿಗೆ ಹಿಡಿದು ಮುಚ್ಚಿಡಿ.

ಮೇಷ್ಟ್ರ ಮನೆ:
ಸರಿ, ಒಪ್ಪಿದೆ. ನಮ್ಮಲ್ಲಿ 200 ಲೀಟರಿನ ಡ್ರಮ್ ಎರಡು ಸುಮ್ನೆ ಬಿದ್ದಿವೆ. ಯಾರಿಗೆ ಬೇಕೋ ತೆಗೆದುಕೊಂಡು ಹೋಗಿ.

ಮಹಡಿ ಮನೆ, ಬಾಡಿಗೆ:
ಬೆಳಿಗ್ಗೆ ಏಳು ಮನೆಯ ಕಾರು ಒರೆಸುವ ಹುಡುಗನ ಬಗ್ಗೆ ಯಾರೂ ಮಾತಾಡಲಿಲ್ಲ. ಇದರಿಂದ ಅವನ ಕೆಲಸ ಹೋಗಬಾರದು. ಅವನ ಫೀಸು ಆ ದುಡ್ಡಿನಿಂದಲೇ ಕಟ್ಟುವುದು ಅಂತ ಅವನ ಅಮ್ಮ ನನಗೆ ಹೇಳಿದ್ದಾರೆ.

ಸಂಪಿಗೆ ಮರದ ಮನೆ:
ಒಳ್ಳೆ ಮಾತು ಅಕ್ಕ. ನಾನು ಬರೆಯಬೇಕಿತ್ತು, ಬಿಟ್ಟುಹೋಯಿತು. ಅವನ ಕೆಲಸ ಎಲ್ಲೂ ಹೋಗಲ್ಲ. ಈಗ ಅವನು ಒಂದೇ ಬಟ್ಟೆಯಲ್ಲಿ ಏಳು ಕಾರು ಒರೆಸುತ್ತಾನೆ, ಯಾಕೆಂದರೆ ನಾವು ಕೊಟ್ಟಿರುವುದು ಒಂದೇ ಬಟ್ಟೆ. ಪ್ರತಿ ಮನೆಯವರು ತಮ್ಮ ಕಾರಿನ ಬಟ್ಟೆ ತಾವೇ ಇಟ್ಟು ಕೊಡಬೇಕು. ಈ ಕೆಲಸಕ್ಕೆ ಸಮಯ ಜಾಸ್ತಿ ಬೇಕು, ಆದ್ದರಿಂದ ತಿಂಗಳ ದುಡ್ಡೂ ಜಾಸ್ತಿ ಮಾಡೋಣ. ನಾನು 150 ರೂಪಾಯಿ ಹೆಚ್ಚು ಕೊಡುತ್ತೇನೆ.

ಮೂಲೆ ಮನೆ, ಜೀಪ್:
ನಾನೂ ಕೊಡ್ತೀನಿ. ಇನ್ನೊಂದು ಕೇಳಬೇಕಿತ್ತು. ಹಳೇ ಬನಿಯನ್ ಆಗಲ್ವಾ?

ಸಂಪಿಗೆ ಮರದ ಮನೆ:
ಟೈರಿಗೆ, ಮಡ್‌ಗಾರ್ಡ್ ಒಳಗಡೆಗೆ ಧಾರಾಳವಾಗಿ ಬಳಸಿ. ಪೇಂಟಿಗೆ ಬೇಡ, ಹೊಲಿಗೆ ಗೀರುತ್ತೆ. ಪಾತ್ರೆ ಸೋಪೂ ಬೇಡ, ವ್ಯಾಕ್ಸ್ ಎದ್ದು ಹೋಗುತ್ತೆ. ಹಕ್ಕಿ ಹಿಕ್ಕೆ ಬಿದ್ದರೆ ಭಾನುವಾರದ ತನಕ ಬಿಡಬೇಡಿ, ಪೇಂಟ್ ತಿನ್ನುತ್ತೆ. ಒದ್ದೆ ಬಟ್ಟೆ ಅದರ ಮೇಲೆ ಐದು ನಿಮಿಷ ಹಾಸಿ, ಆಮೇಲೆ ಎತ್ತಿ.

ನೀಲಿ ಗೇಟಿನ ಮನೆ:
ಹಾಗಾದರೆ ಈ ಭಾನುವಾರ 7 ಗಂಟೆಗೆ ಮೂಲೆ ಮನೆ ಮುಂದೆ ಸೇರೋಣ. ಅಲ್ಲಿ ನೆರಳಿದೆ. ಒಂದು ಧೂಳಿನ ಕಾರು, ಒಂದು ಮಣ್ಣಿನ ಜೀಪ್. ಎಲ್ಲರ ಎದುರೇ ಅಳತೆ ಮಾಡೋಣ. ಬಟ್ಟೆ ಒಟ್ಟಿಗೆ ತರಿಸುತ್ತೇನೆ, ಎಷ್ಟು ಬೇಕು ಅಂತ ಇವತ್ತು ರಾತ್ರಿಯೊಳಗೆ ಬರೆಯಿರಿ. ಅವತ್ತು ಯಾರೂ ಪೈಪ್ ಹಾಕಬೇಡಿ, ದಯವಿಟ್ಟು.

ಸಂಪಿಗೆ ಮರದ ಮನೆ (ಭಾನುವಾರ, 9:40):
ಬಂದ ಎಲ್ಲರಿಗೂ ಧನ್ಯವಾದ. 11 ಮನೆಯವರು ಬಂದಿದ್ದರು. ಕಾರಿಗೆ 6 ಲೀಟರ್ ಹಿಡಿಯಿತು. ಜೀಪಿಗೆ 22 ಲೀಟರ್. ಚಕ್ರದ ಒಳಗಿನ ಮಣ್ಣಿಗೇ ಸ್ಪ್ರೇಯರ್ ಎರಡು ಸಲ ತುಂಬಬೇಕಾಯಿತು. ಗಟ್ಟಿಯಾದ ಮಣ್ಣಿಗೆ ಹಿಂದಿನ ರಾತ್ರಿಯೇ ಒದ್ದೆ ಗೋಣಿಚೀಲ ಹಾಕಿಡಬಹುದಾ ಅಂತ ಮುಂದಿನ ವಾರ ನೋಡೋಣ. ಹುಡುಗ ನಮ್ಮೆಲ್ಲರಿಗಿಂತ ಬೇಗ ಕಲಿತ. ಮಡಿಕೆ ತಿರುಗಿಸುವುದನ್ನು ಮೇಷ್ಟ್ರಿಗೆ ಅವನೇ ಹೇಳಿಕೊಟ್ಟ.

ಮೈಕ್ರೋಫೈಬರ್ ಬಟ್ಟೆಯನ್ನು ಬೇರೆ ಬಟ್ಟೆ ಜೊತೆ ಮೆಷಿನ್ನಿಗೆ ಹಾಕಬೇಡಿ. ಬಟ್ಟೆ ಮೆತ್ತಗಾಗಲು ಹಾಕುವ ದ್ರವವೂ ಬೇಡ, ನೀರು ಹೀರುವುದು ಕಡಿಮೆಯಾಗುತ್ತೆ. ನೆಲಕ್ಕೆ ಬಿದ್ದ ಬಟ್ಟೆ ಒಗೆಯುವ ತನಕ ಪೇಂಟಿಗೆ ಮುಟ್ಟಿಸಬೇಡಿ.

ಮೇಲಿನ ತಿರುವಿನ ಮನೆ:
ಅಜ್ಜಿ ಪರವಾಗಿ ಮೊಮ್ಮಗಳು ಬರೆಯುತ್ತಿದ್ದೇನೆ. ಇವತ್ತು 7:20ಕ್ಕೆ ನಮ್ಮ ನಲ್ಲಿಗೆ ನೀರು ಬಂತು. ಸಂಪ್ ಅರ್ಧ ದಾಟಿದೆ. ಮುಂದಿನ ಸಲ ನೀರು ಬಿಟ್ಟಾಗಲೂ ಕೋಲು ಇಳಿಸಿ ನೋಡಿ ಇಲ್ಲೇ ಹಾಕುತ್ತೇನೆ. ನಮಗೂ ಎರಡು ಬಟ್ಟೆ ಬೇಕು, ಅಜ್ಜಿ ಸ್ಕೂಟರ್ ಒರೆಸಲು ಕೇಳುತ್ತಿದ್ದಾರೆ.